ಮೊದಲು ಬ್ರೇಕು ತುಳಿಯುವ ಮಿಸ್ತ್ರಿ

ನವಲಗುಂದದ ಆ ಮಿಸ್ತ್ರಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದ್ದದ್ದು ನನ್ನೊಬ್ಬನ ಬಳಿ. ಅವನು ಅದನ್ನು ಒಂದು ದಿನವೂ ಹೊಗಳಲಿಲ್ಲ. ರಿಪೇರಿಗೆ ಒಯ್ದಾಗಲೆಲ್ಲ ಚಪ್ಪಲಿ ಕಳಚಿ, ಬರಿಗಾಲಿನಿಂದ ಬ್ರೇಕು ತುಳಿದು ನೋಡಿ, "ಮೊದಲ ನಿಲ್ಲಬೇಕ್ರಿ, ಆಮ್ಯಾಲೆ ಓಡಬೇಕು" ಎನ್ನುತ್ತಿದ್ದ.

ವೇಗ ಹೆಚ್ಚಲೆಂದು ನಾನು ಮುಂಬಯಿಯಿಂದ ದೊಡ್ಡ ಕಾರ್ಬ್ಯುರೇಟರ್ ತರಿಸಿದೆ. ಅವನು ಅದನ್ನು ಮುಟ್ಟಲೂ ಇಲ್ಲ.

"ಬ್ರೇಕ್ ಹಳೇವು ಅದಾವು. ಇದನ್ನ ನಾ ಹಾಕೂದಿಲ್ಲ, ಒಯ್ರಿ!" ಎಂದು ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿಸುಟ.

"ನಿನಗ ಹಾಕಾಕ ಬರೂದಿಲ್ಲ ಅಂತ ಹೇಳಲೇ!" ಎಂದು ನಾನೂ ಕೂಗಾಡಿ, ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡೆ.

ಮರಳಿ ಬರುವಾಗ ಊರ ಹೊರಗಿನ ಹಳ್ಳದ ಇಳಿಜಾರಿನಲ್ಲಿ ಹತ್ತಿ ಹೇರಿದ ಚಕ್ಕಡಿಯೊಂದು ಎದುರಾಯಿತು. ಬ್ರೇಕು ಒತ್ತಿದೆ. ಕಾರು ನಿಲ್ಲಲಿಲ್ಲ. ಬಲಗಡೆಯ ಎತ್ತಿನ ಮುಂಗಾಲು ಮುರಿಯಿತು.

ಸುದ್ದಿ ಕೇಳಿ ಮಿಸ್ತ್ರಿ ಓಡಿ ಬಂದ. ಮೂತಿ ಜಜ್ಜಿಹೋದ ನನ್ನ ಕಾರಿನತ್ತ ತಿರುಗಿಯೂ ನೋಡಲಿಲ್ಲ. ಧೂಳಿನಲ್ಲಿ ಕುಳಿತು, ಆ ಕಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಹಲ್ಲು ಕಡಿಯುತ್ತ ಕೇಳಿದ:

"ಈ ಪಾರ್ಟ್ ಎಲ್ಲಿಂದ ತರಿಸ್ತೀರಿ, ಸಾಹೇಬ್ರ?"