ಗಾಳಿಗೆ ಎದುರು, ಸುಬ್ಬಣ್ಣ ಮಾವನ ಜೊತೆ

ಬೆಂಗಳೂರಿನ ಬಸ್ಸು ಕೊಪ್ಪದಲ್ಲಿ ಇಳಿಸಿದಾಗ ಬೆಳಗಿನ ಆರು ಗಂಟೆ, ಒಳ್ಳೆಯ ಚಳಿ. ಬಸ್‌ಸ್ಟ್ಯಾಂಡಿನ ಎದುರು ಎರಡು ಬನ್ಸ್ ತಿಂದು ಶೃಂಗೇರಿಯ ಖಾಸಗಿ ಬಸ್ಸು ಹತ್ತಿದೆ. ಐವತ್ತು ರೂಪಾಯಿ ಟಿಕೆಟ್ಟು, ಮೂವತ್ತು ಕಿಲೋಮೀಟರಿಗೂ ಕಡಿಮೆ ದಾರಿ. ಅಷ್ಟರಲ್ಲೇ ಬನ್ಸ್ ಎರಡೂ ಕಿಟಕಿಯಿಂದ ಆಚೆ ಹೋದವು.

ಕಂಡಕ್ಟರ್ ನೀರಿನ ಬಾಟಲಿ ಕೊಟ್ಟು, "ತಿರುವು ಅಭ್ಯಾಸ ಇಲ್ವಾ ಅಕ್ಕಾ? ಎಂತ ಕೆಲಸ ನಿಮ್ದು?" ಎಂದು ಕೇಳಿದ. ಸಮುದ್ರದಲ್ಲಿ ದೋಣಿ ಓಡಿಸುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. "ಪ್ರೈವೇಟು" ಎಂದೆ.

ಹದಿನಾಲ್ಕು ವರ್ಷದಿಂದ ನನ್ನ ಹೊಟ್ಟೆಪಾಡು ಹಾಯಿದೋಣಿಯ ರೇಸು. ಎಂಜಿನ್ನಿಲ್ಲದೆ, ಬರೀ ಗಾಳಿಯಿಂದ, ಒಂದು ಖಂಡದಿಂದ ಇನ್ನೊಂದಕ್ಕೆ. ನಾಲ್ಕು ಗಂಟೆ ದುಡಿತ, ನಾಲ್ಕು ಗಂಟೆ ನಿದ್ದೆ, ಬಿಸಿನೀರು ಸುರಿದರೆ ಊಟವಾಗುವ ಪೊಟ್ಟಣ. ಮಂಗಳೂರಿನ ಕಾಲೇಜಿನಲ್ಲಿದ್ದಾಗ ಕಲಿತ ಹುಚ್ಚು ಇದು. ಹಗ್ಗ ಎಳೆಯುವವಳಾಗಿ ಸೇರಿ, ಚುಕ್ಕಾಣಿಗೆ ಬಂದು, ಈ ವರ್ಷ ಮೊದಲ ಸಲ ಕ್ಯಾಪ್ಟನ್ ಆಗಿದ್ದೇನೆ. ಮುಂದಿನ ರೇಸು ಭೂಮಿಗೆ ಒಂದು ಸುತ್ತು. ಹೊರಡುವ ಮುಂಚೆ ಮೂರು ದಿನಕ್ಕೆ ಊರಿಗೆ ಬಂದದ್ದು ಒಂದೇ ಆಸೆಯಿಂದ. ಸುಬ್ಬಣ್ಣ ಮಾವನ ಬಾಯಲ್ಲಿ "ಹೋಗಿ ಬಾ" ಅನ್ನಿಸಿಕೊಳ್ಳಬೇಕಿತ್ತು.

ಮಾವ ನನ್ನ ಅಮ್ಮನ ಅಣ್ಣ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು. ಅರವತ್ತೆಂಟು ವಯಸ್ಸು. ಶೃಂಗೇರಿಯ ಸುತ್ತ ಮದುವೆ ಮುಂಜಿಗಳಿಗೆ ಅವರದೇ ಅಡುಗೆ. ಎದುರಿನ ಅಂಗಡಿಗೆ ಉಪ್ಪು ತರಲು ಹೊರಟವರಿಗೂ "ಹೋಗಿ ಬಾ" ಎನ್ನುವ ಮನುಷ್ಯ. ನನಗೆ ಮಾತ್ರ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅಂದಿಲ್ಲ. ಪ್ರತಿ ಸಲ ಚಟ್ನಿಪುಡಿಯ ಪೊಟ್ಟಣ ಕೈಗಿಟ್ಟು, ಬೆನ್ನು ತಿರುಗಿಸಿ ನಡೆದುಬಿಡುತ್ತಾರೆ.

ಅವತ್ತು ಅವರ ಮನೆಯಲ್ಲಿ ಕಾಫಿ ಕುಡಿಯುತ್ತ, ನನಗೆ ಮಾತ್ರ ಯಾಕೆ ಹಾಗನ್ನುವುದಿಲ್ಲ ಎಂದು ಕೇಳಿಯೇಬಿಟ್ಟೆ.

"ಗಾಳಿ ನಿನ್ನ ಕರ್ಕೊಂಡು ಹೋಗ್ತದೆ, ಸರಿ" ಎಂದರು ಮಾವ. "ವಾಪಸ್ ಬರೋದು ಹೇಗೆ ಮಾರಾಯ್ತಿ? ಗಾಳಿ ಮನಸ್ಸು ಮಾಡಿದ್ರೆ ಬಂದೆ, ಇಲ್ಲದಿದ್ರೆ ಇಲ್ಲ. ಮತ್ತೆ ಬಾ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

"ಗಾಳಿಗೆ ಎದುರಾಗಿಯೂ ಬರಬಹುದು ಮಾವ."

"ತೋರ್ಸು. ತೋರ್ಸಿದ್ರೆ ಹೇಳ್ತೀನಿ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಈ ಮನುಷ್ಯ ನಾನು ತಿರುಗಿ ಬರುವುದಿಲ್ಲ ಎಂದುಕೊಂಡೇ ಚಟ್ನಿಪುಡಿ ಕೊಡುತ್ತಿದ್ದರೇ?

ಎರಡನೆಯ ದಿನ ಕಡಹಿನಬೈಲಿನಲ್ಲಿ ಒಂದು ಉಪನಯನ. ಅಡುಗೆಯ ದೊಡ್ಡ ಕೊಳದಪ್ಪಲೆಗಳನ್ನು ಹೇರಿಕೊಂಡ ಪಿಕಪ್ಪಿನಲ್ಲಿ ನಾನೂ ಹೊರಟೆ. ಹಿತ್ತಲಲ್ಲಿ ಉದ್ದನೆಯ ಒಲೆ ತೋಡಿಸುವ ಮುಂಚೆ ಮಾವ ಒಂದು ಹಿಡಿ ತೆಂಗಿನ ನಾರಿಗೆ ಬೆಂಕಿ ಹಚ್ಚಿ, ಹೊಗೆ ಎತ್ತ ವಾಲುತ್ತದೆಂದು ನೋಡುತ್ತ ಕುಕ್ಕರುಗಾಲಲ್ಲಿ ಕೂತರು. ಗಾಳಿ ಬರುವ ಕಡೆಗೇ ಒಲೆಯ ಬಾಯಿ ಇರಬೇಕು, ಇಲ್ಲದಿದ್ದರೆ ಪಾಯಸಕ್ಕೆಲ್ಲ ಹೊಗೆ ವಾಸನೆ. ಚಿಕ್ಕವಳಿದ್ದಾಗ ಅವರ ಪಕ್ಕ ಕೂತು ನಾನೂ ಎಷ್ಟು ಹೊಗೆ ನೋಡಿದ್ದೇನೋ.

ಊಟದ ಗಲಾಟೆ ಮುಗಿದ ಮೇಲೆ ಅವರಿಗೆ ಹೋದ ರೇಸಿನ ಕಥೆ ಹೇಳಿದೆ. ಸಮಭಾಜಕ ವೃತ್ತದ ಹತ್ತಿರ ಎರಡು ದಿನ ಗಾಳಿ ಸತ್ತುಹೋಗಿತ್ತು. ಯಂತ್ರಗಳೆಲ್ಲ ಸೊನ್ನೆ ತೋರಿಸುತ್ತಿದ್ದವು. ನಾನು ಊದುಬತ್ತಿ ಹಚ್ಚಿ ಕೂತೆ. ಜೊತೆಯವರು ಪೂಜೆ ಎಂದುಕೊಂಡು ಸುಮ್ಮನಾದರು. ಹೊಗೆ ಬೆರಳಷ್ಟು ಎಡಕ್ಕೆ ವಾಲಿತು, ಹಾಯಿಯನ್ನು ಅದಕ್ಕೆ ತಕ್ಕಂತೆ ತಿರುಗಿಸಿದೆವು. ಎಮ್ಮೆ ನಡಿಗೆಯ ವೇಗವೂ ಇರಲಿಲ್ಲ, ಆದರೆ ಮಿಕ್ಕ ದೋಣಿಗಳು ನಿಂತಲ್ಲೇ ನಿಂತಿದ್ದವು. ಆ ರೇಸು ಗೆದ್ದೆವು. ನನಗೆ ಕ್ಯಾಪ್ಟನ್ ಪಟ್ಟ ಬಂದದ್ದೇ ಅದರಿಂದ.

ಮಾವ ಕೈ ಒರೆಸಿಕೊಂಡು, "ಹೊಗೆ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಒಲೆ ಇತ್ತಲ್ಲ" ಎಂದರು. ಆದರೆ ಮುಖ ಅರಳಿತ್ತು.

ಮೂರನೆಯ ದಿನ ಬೆಳಿಗ್ಗೆ ಅದೇ ಪಿಕಪ್ಪಿನಲ್ಲಿ ನರಸಿಂಹರಾಜಪುರದ ಹಿನ್ನೀರಿಗೆ ಹೋದೆವು. ಭದ್ರೆ ತುಂಬಿ ನಿಂತಿದ್ದಳು, ಗಾಳಿ ದಡದಿಂದ ನೀರಿನತ್ತ ಬೀಸುತ್ತಿತ್ತು. ಮೀನು ಹಿಡಿಯುವ ಜೋಸಣ್ಣ ತನ್ನ ಮರದ ದೋಣಿ ಕೊಟ್ಟ. ಬಿದಿರಿನ ಗಳ ನಿಲ್ಲಿಸಿ, ಅಡುಗೆ ಸಾಮಾನು ಮುಚ್ಚುವ ನೀಲಿ ಟಾರ್ಪಾಲನ್ನು ಮೂರು ಮೂಲೆಯಾಗಿ ಮಡಚಿ ಹಾಯಿ ಕಟ್ಟಿದೆ. ಮಾವ ದಡದಲ್ಲಿ ಮೂರು ಕಲ್ಲಿಟ್ಟು ಕಾಫಿಗೆ ಒಲೆ ಹೂಡಿದರು.

ನಾನೂ ಜೋಸಣ್ಣನೂ ಹೋಗುವುದೇನೋ ಜುಮ್ಮೆಂದು ಹೋದೆವು. ಬರಲು ತಿರುಗಿದರೆ ದೋಣಿ ಮುಂದಕ್ಕೆ ಬಾರದೆ ಅಡ್ಡಡ್ಡ ಜಾರತೊಡಗಿತು. ಕೊನೆಗೆ ಜೋಸಣ್ಣ ಹುಟ್ಟು ಹಾಕಿ ದಡ ಸೇರಿಸಬೇಕಾಯಿತು. ನನ್ನ ಮಾನ ಭದ್ರೆಯ ಪಾಲಾಯಿತು. ರೇಸಿನ ದೋಣಿಗೆ ಹೊಟ್ಟೆಯ ಕೆಳಗೆ ಆಳವಾದ ರೆಕ್ಕೆಯಿರುತ್ತದೆ, ಅಡ್ಡ ಜಾರದಂತೆ ನೀರನ್ನು ಹಿಡಿಯುವುದು ಅದೇ. ಅದು ಸದಾ ಇದ್ದೇ ಇರುವುದರಿಂದ, ಈ ಚಪ್ಪಟೆ ತಳದ ದೋಣಿಗೆ ಅದಿಲ್ಲವೆಂಬುದೇ ನನಗೆ ಹೊಳೆದಿರಲಿಲ್ಲ.

"ನಾನು ಹೇಳಿದ್ದೂ ಅದೇ" ಎಂದರು ಮಾವ. ಗೆದ್ದ ದನಿಯಲ್ಲ. ಸೋತವರ ಹಾಗಿತ್ತು, ಅದೇ ನನಗೆ ಚುಚ್ಚಿತು.

ಪಿಕಪ್ಪಿನಲ್ಲಿ ಅವರ ತರಕಾರಿ ಹೆಚ್ಚುವ ಹಲಗೆಯಿತ್ತು. ಆಳುದ್ದದ ಹಲಸಿನ ಹಲಗೆ, ಅವರಪ್ಪನ ಕಾಲದ್ದು. "ಅದನ್ನ ಕೊಡಿ ಮಾವ. ದೋಣಿಯ ಬದಿಗೆ ನೀರಲ್ಲಿ ಇಳಿಬಿಡ್ತೀನಿ."

"ಆ ಹಲಗೆ ನನ್ನ ಕಣ್ಣು ತಪ್ಪಿ ಎಲ್ಲಿಗೂ ಹೋಗಿಲ್ಲ" ಎಂದರು. ಎದ್ದು ಹೋಗಿ ತಾವೇ ಅದನ್ನು ಪಿಕಪ್ಪಿನಿಂದ ಇಳಿಸಿದರು. "ಹಾಗಾದ್ರೆ ನಾನೂ ಬರ್ಬೇಕಾಯ್ತು."

ಹುಟ್ಟಿದಾರಭ್ಯ ದೋಣಿ ಹತ್ತದ ಮಾವ, ಪಂಚೆ ಎತ್ತಿ ಕಟ್ಟಿ, ನಾನು ತಂದಿದ್ದ ಲೈಫ್ ಜಾಕೆಟ್ ತೊಟ್ಟು, ದೋಣಿಯಲ್ಲಿ ಕೂತರು. ಗಾಳಿ ನಮ್ಮನ್ನು ಅರ್ಧ ಮೈಲಿ ಆಚೆಗೆ ಒಯ್ದಿತು. ತಿರುಗಿದೆ. ಹಲಗೆ ನೀರಿಗಿಳಿಯಿತು. ದೋಣಿ ಒಮ್ಮೆ ನಡುಗಿ, ಅಡ್ಡ ಜಾರುವುದು ಬಿಟ್ಟು, ಓರೆಯಾಗಿ ಮುಂದಕ್ಕೆ ನುಗ್ಗಿತು. ಒಂದಷ್ಟು ದೂರ ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ಸಲ ಹಲಗೆಯನ್ನು ಆಚೆ ಬದಿಯಿಂದ ಈಚೆ ಬದಿಗೆ ಎತ್ತಿ ಇಳಿಸುವ ಕೆಲಸ ಮಾವನದು. ಕೊಳದಪ್ಪಲೆ ಎತ್ತಿದ ತೋಳು, ಸುಸ್ತೇ ಇಲ್ಲ.

"ಓಹೋ, ಆಗುಂಬೆ ಘಾಟಿ ಹತ್ತಿದ ಹಾಗೆ!" ಎಂದು ಕೂಗಿದರು. "ವಾಂತಿ ಬಂದ್ರೆ ಹೇಳು ಕೂಸೆ!"

ಜೋಸಣ್ಣ ದಡದಿಂದ, "ಇನ್ನೊಂದು ದೋಣಿ ತರ್ಲಾ? ಕಟ್ಟಿ ಎಳೀತೀನಿ!" ಎಂದ.

"ಬೇಡ ಮಾರಾಯ, ಸುಮ್ನಿರು!" ಇದು ಮಾವ.

ಅವರಿಗೆ ಒಲೆ ಆರಿಸದೆ ಬಂದ ಚಿಂತೆ. ದಡದ ಮೇಲಿಂದ ಕಣ್ಣು ತೆಗೆಯಲೇ ಇಲ್ಲ. ನಾವು ಎಡಕ್ಕೆ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ, "ಕೂಸೆ, ಒಲೆ ಹೊಗೆ ಬಲಕ್ಕೆ ತಿರುಗ್ತು, ನೋಡು" ಎಂದರು. ನನ್ನ ಕೆನ್ನೆಗೆ ಇನ್ನೂ ಏನೂ ತಿಳಿದಿರಲಿಲ್ಲ. ಆದರೂ ಮಾವನ ಮಾತಿಗೆ ದೋಣಿ ತಿರುಗಿಸಿದೆ. ಮರುಕ್ಷಣ ಗಾಳಿ ಎಡದಿಂದ ಬಂತು, ದೋಣಿ ಸೀದಾ ಒಲೆಯ ಕಡೆಗೇ ಮೂಗು ಮಾಡಿ ಓಡಿತು. ಮೂರು ಕಲ್ಲಿನ ಎದುರಿಗೇ ಬಂದು ಕೆಸರಿಗೆ ತಾಗಿದೆವು. ಮಾವ ಜಿಗಿದು ಇಳಿದು, ಹಲಗೆ ಹೆಗಲಿಗೇರಿಸಿ, ಜೋಸಣ್ಣನ ಮುಂದೆ ಎದೆಯುಬ್ಬಿಸಿ ನಿಂತರು. ದೊಡ್ಡ ದೊಡ್ಡ ಬಂದರುಗಳಲ್ಲಿ ಗೆದ್ದು ಇಳಿದಿದ್ದೇನೆ. ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಸಂಜೆ ಕೊಪ್ಪದ ಬಸ್‌ಸ್ಟ್ಯಾಂಡಿಗೆ ಬಂದು ಬಿಟ್ಟರು. ಚಟ್ನಿಪುಡಿಯ ಪೊಟ್ಟಣದ ಜೊತೆ ಈ ಸಲ ಒಂದು ಕಟ್ಟು ಊದುಬತ್ತಿಯೂ ಇತ್ತು. ಕೈಗಿಟ್ಟವರು ಎಂದಿನಂತೆ ಬೆನ್ನು ತಿರುಗಿಸಿದರು. ಬಸ್ಸು ಸ್ಟಾರ್ಟ್ ಆಯಿತು. ನಾಲ್ಕು ಹೆಜ್ಜೆ ಹೋದವರು ನಿಂತರು, ತಿರುಗಿ ಬಂದು ಕಿಟಕಿಯ ಸರಳು ಹಿಡಿದರು.

"ಹೋಗಿ ಬಾ" ಎಂದರು.

"ಬರ್ತೀನಿ ಮಾವ" ಎಂದೆ.

ಮೊದಲ ತಿರುವು ಬಂತು, ಎರಡನೆಯದೂ ಬಂತು. ಹೊಟ್ಟೆ ತೊಳಸಲಿಲ್ಲ. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ ನೀರಿನ ಬಾಟಲಿ ಚಾಚಿದರು. ವಾಂತಿಯಲ್ಲ, ಬರೀ ಅಳು ಎಂದೆ.