ಅತ್ತಿಗೆ ಹಾಕಿದ ಚಾಕ್ ಗುರುತು

ಕಳೆದ ಗುರುವಾರ ಮಧ್ಯಾಹ್ನ ನನ್ನ ಅತ್ತಿಗೆ ಒಂದು ಚಿತ್ರದ ಮೇಲೆ ಸೀಮೆಸುಣ್ಣ ಎಳೆದುಬಿಟ್ಟರು.

ಪ್ರದರ್ಶನಕ್ಕೆ ಅಂತ ಗೋಡೆಗೆ ತೂಗುಹಾಕಿದ್ದ ಚಿತ್ರ ಅದು. ಆಗಲೇ ಮಾರಾಟವಾಗಿ, ಮೂಲೆಯಲ್ಲಿ ಕೆಂಪು ಸ್ಟಿಕರ್ ಬೇರೆ ಅಂಟಿಸಿದ್ದರು! ಅತ್ತಿಗೆಯನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು? ನಾನೇ. (ಬೈಸಿಕೊಳ್ಳುವ ಯೋಗವಿದ್ದ ದಿನ ನನ್ನ ಸ್ಕೂಟರ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ.)

ಮೊದಲಿಂದ ಹೇಳುತ್ತೇನೆ. ಆಂಧ್ರದ ಗಡಿಯ ನಮ್ಮ ರಾಯದುರ್ಗದ ಕಲ್ಯಾಣ ಮಂಟಪವೊಂದರಲ್ಲಿ ಚಿತ್ರಕಲಾ ಪ್ರದರ್ಶನ ನಡೆಯುತ್ತಿದೆ. ಬರೆದವರು ಶೈಲಜಾ ಅಂತ, ಮಡಕಶಿರದಲ್ಲಿ ಡ್ರಾಯಿಂಗ್ ಟೀಚರ್. ದೇವರಿಲ್ಲ, ನವಿಲಿಲ್ಲ, ಸೂರ್ಯಾಸ್ತವಿಲ್ಲ. ಇರೋದೆಲ್ಲ ನಮ್ಮೂರೇ. ಕಣೇಕಲ್ಲು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರು. ಮಿರ್ಚಿ ಬಂಡಿಯ ಸುತ್ತ ಪೇಪರ್ ಚೂರು ಹಿಡಿದು ನಿಂತವರು. ನೀರಿನ ಟ್ಯಾಂಕರಿಗೆ ಕೊಡ ಸಾಲಿಟ್ಟು, ಜಗಳಕ್ಕೂ ಸೆರಗು ಬಿಗಿದು ರೆಡಿಯಾದವರು. ನಮ್ಮ ಮುಖವನ್ನೇ ಯಾರಾದರೂ ಬಣ್ಣ ಹಾಕಿ ಗೋಡೆಗೇರಿಸಿದರೆ ಖುಷಿಯಾಗದೇ ಇರುತ್ತಾ?

ಬುಧವಾರ ನಾನೊಬ್ಬನೇ ಹೋಗಿದ್ದೆ. ಎಲ್ಲಕ್ಕಿಂತ ದೊಡ್ಡ ಚಿತ್ರ ಜೀನ್ಸ್ ಯೂನಿಟ್ಟಿನದು. ಸಾಲು ಮಷಿನ್ನು, ತಗ್ಗಿಸಿದ ತಲೆಗಳು, ಮುಂದೆ ಟೇಬಲ್ ಮೇಲೆ ಹೊಲಿದು ಮುಗಿದ ಪ್ಯಾಂಟುಗಳ ರಾಶಿ. ಕೆಳಗೆ ‘ರಾಯದುರ್ಗದ ಪ್ಯಾಂಟು’ ಅಂತ ಹೆಸರು. ಗದ್ದಕ್ಕೆ ಕೈ ಕೊಟ್ಟು ಹತ್ತು ನಿಮಿಷ ನಿಂತೆ. ಅಭಿಪ್ರಾಯ ಪುಸ್ತಕದಲ್ಲಿ ‘ಅದ್ಭುತ ನೈಜತೆ’ ಅಂತ ಬರೆದು, ಸಹಿಯನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿ ಬಂದೆ.

ಮನೆಗೆ ಬಂದ ಮೇಲೆ ಅತ್ತಿಗೆಯ ನೆನಪಾಯಿತು. ಗಂಗಮ್ಮ, ನಮ್ಮಣ್ಣನ ಹೆಂಡತಿ. ಜೀನ್ಸ್ ಯೂನಿಟ್ಟೊಂದರಲ್ಲಿ ಎಷ್ಟೋ ವರ್ಷದಿಂದ ಚೆಕಿಂಗ್ ಕೆಲಸ. ಹೊಲಿದ ಪ್ಯಾಂಟು ಅವರ ಟೇಬಲ್ ದಾಟಿಯೇ ಹೊರಗೆ ಹೋಗಬೇಕು. ತಪ್ಪು ಕಂಡರೆ ಚಾಕ್‌ನಿಂದ ಅಲ್ಲೊಂದು ಗುಂಡು ಗುರುತು ಹಾಕಿ ‘ಆಲ್ಟರ್’ ಅನ್ನುತ್ತಾರೆ. ಸರಿಮಾಡಲಿಕ್ಕೆ ಪೀಸು ಹೊಲಿದವರ ಹತ್ತಿರವೇ ವಾಪಸ್ ಹೋಗುತ್ತದೆ.

ಪ್ರದರ್ಶನ ನೋಡಲು ಬನ್ನಿ ಅಂತ ಕರೆದೆ. “ಅಲ್ಲಿ ನಮ್ಮಂಥೋರಿಗೇನೈತಿ ಈರಣ್ಣ? ಓದಿದೋರು ನೋಡೋದು ಅದು,” ಅಂದರು ಅತ್ತಿಗೆ.

“ನಿಮ್ಮ ಕೆಲಸಾನ ಚಿತ್ರ ಬರದಾರ, ಬರ್ರಿ ಅತ್ತಿಗಿ,” ಅಂತ ಮರುದಿನ ಊಟದ ಬಿಡುವಿನಲ್ಲಿ ಯೂನಿಟ್ಟಿನಿಂದಲೇ ಸ್ಕೂಟರ್ ಹತ್ತಿಸಿದೆ. ಬಿಡುವು ಬರೀ ಅರ್ಧ ಗಂಟೆ. ಸೊಂಟಕ್ಕೆ ಸಿಕ್ಕಿಸಿದ ಚಾಕ್ ತೆಗೆದಿಡಲೂ ಪುರಸೊತ್ತಿರಲಿಲ್ಲ.

ಒಳಗೆ ಬಂದವರು ಗೋಡೆಗೆ ಅಂಟಿಕೊಂಡೇ ನಡೆದರು. ಯಾರಾದರೂ ಎದುರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆದರೆ ಆ ದೊಡ್ಡ ಚಿತ್ರದ ಮುಂದೆ ನಿಂತದ್ದೇ ತಡ, ಹೆಂಗಸೇ ಬೇರೆಯಾದರು. ಬೆನ್ನು ನೆಟ್ಟಗಾಯಿತು. ಕಣ್ಣು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಓಡಿತು. ಹೇಗಿದೆ ಅಂತ ನಾನು ಕೇಳುವ ಮೊದಲೇ ಕೈ ಸೊಂಟಕ್ಕೆ ಹೋಗಿ ಬಂತು. ರಾಶಿಯ ಮೇಲಿನ ಪ್ಯಾಂಟಿನ ಸೊಂಟಪಟ್ಟಿಗೆ ಒಂದು ಬಿಳಿ ಗುಂಡು ಗುರುತು ಬಿತ್ತು.

“ಆಲ್ಟರ್,” ಅಂದರು.

ಆಯೋಜಕರು ಕುರ್ಚಿ ಬೀಳಿಸಿಕೊಂಡು, ತೆಲುಗು ಕನ್ನಡ ಎರಡರಲ್ಲೂ ಕೂಗುತ್ತಾ ಓಡಿಬಂದರು. “ಏಮ್ಮಾ, ಏಂ ಚೇಸ್ತುನ್ನಾವ್! ಮಾರಿದ ಚಿತ್ರ ಅದು! ಶಾಲಿ ಬೋರ್ಡ್ ಅನ್ಕೊಂಡೀಯೇನು? ಯಾರ್ ಬಿಟ್ರು ಈಕೀನ ಒಳಗ?”

ತಾನೇನು ಮಾಡಿದೆ ಅನ್ನೋದು ಅತ್ತಿಗೆಗೆ ಹೊಳೆದದ್ದು ಆಗಲೇ. ದಿನವೆಲ್ಲ ಹಾಕುವ ಗುರುತು, ಕೈ ತಾನಾಗಿಯೇ ಹಾಕಿತ್ತು. ಮುಖ ಸಣ್ಣದಾಯಿತು. ಜನ ಸೇರಿದರು. ಒಬ್ಬರು ಮೊಬೈಲ್ ಎತ್ತಿದರು. ನನಗೆ ನಾಚಿಕೆಗಿಂತ ಸಂಕಟವಾಯಿತು. ನಮ್ಮಂಥೋರಿಗೇನೈತಿ ಅಂದವರನ್ನು ಎಳೆದುಕೊಂಡು ಬಂದು, ಹತ್ತು ಜನರ ಮುಂದೆ ಮರ್ಯಾದೆ ಕಳೆದು ಕಳಿಸೋದಾ? ಇನ್ನು ಜನ್ಮದಲ್ಲಿ ಇಂಥ ಕಡೆ ಕಾಲಿಡುತ್ತಾರಾ?

“ತಪ್ಪಾತ್ರಿ, ತಪ್ಪಾತ್ರಿ,” ಅಂತ ನಾನು ಕೈಮುಗಿಯುತ್ತಿದ್ದೆ. ಆಯೋಜಕರು ಕರ್ಚೀಫು ತೆಗೆದು ಗುರುತು ಒರೆಸಲು ಹೋದರು. ಅತ್ತಿಗೆ ಅಡ್ಡ ಕೈ ಇಟ್ಟರು.

“ಅಳಸಬ್ಯಾಡ್ರಿ. ತಪ್ಪು ಸರಿ ಆದ್ಮ್ಯಾಲೆ ಗುರ್ತು ಹಾಕಿದಾಕಿನೇ ಅಳಸಬೇಕು. ನಮ್ಮಲ್ಲಿ ಹಂಗ.”

ಕರ್ಚೀಫು ಮತ್ತೆ ಮುಂದೆ ಬಂತು. ಆದರೂ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಶೈಲಜಾ ಟೀಚರ್ ಬಂದರು. ಗುರುತು ನೋಡಿದರು, ಅತ್ತಿಗೆಯ ಕೈಲಿದ್ದ ಚಾಕ್ ನೋಡಿದರು. ಕೂಗಾಡುತ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡೆ.

“ಅಕ್ಕಾ, ಏನ್ ತಪ್ಪೈತೆ? ತೋರ್ಸಿ,” ಅಂದರು.

“ಪ್ಯಾಂಟ್ ಬೋರಲ ಹಾಕೀರಿ, ಹಿಂದಿನ ಮಗ್ಗಲು ಕಾಣ್ತೈತಿ,” ಅಂತ ಅತ್ತಿಗೆ ಶುರುಮಾಡಿದರು. “ಬೆಲ್ಟ್ ತೂರ್ಸಾಕ ಹಿಂದ ನಟ್ಟನಡುವ ಒಂದು ಲೂಪ್ ಇರಬೇಕ್ರಿ. ಎಲ್ಲೈತಿ? ಅದಿಲ್ದಿದ್ರ ಕುಂತಾಗ ಬೆಲ್ಟ್ ಮ್ಯಾಲ ಬರ್ತೈತಿ. ಕೆಳಗ ‘ರಾಯದುರ್ಗದ ಪ್ಯಾಂಟು’ ಅಂತ ಬರದೀರಿ. ಹೊರಗಿನ ಮಂದಿ ನೋಡಿದ್ರ ಏನಂತಾರ? ಲೂಪ್ ಇಲ್ದ ಪ್ಯಾಂಟು ನನ್ ಟೇಬಲ್ ದಾಟಂಗಿಲ್ರಿ.”

ಎಲ್ಲರೂ ಬಗ್ಗಿ ನೋಡಿದರು. ಲೂಪ್ ಇರಲಿಲ್ಲ!

“ಅಯ್ಯೋ, ಹದಿನೈದು ದಿನ ಯೂನಿಟ್‌ನಾಗೆ ಕೂತ್ಕಂಡು ಬರ್ದೆ ಕಣಕ್ಕ,” ಅಂದರು ಟೀಚರ್. “ಇಷ್ಟ್ ಜನ ನೋಡವ್ರೆ. ಸೂಪರ್, ಅದ್ಭುತ ಅಂತ ಬರ್ದು ಹೋದ್ರೇ ಹೊರ್ತು ಒಬ್ರೂ ಹೇಳ್ಲಿಲ್ಲ.” (ನಾನು ಛಾವಣಿಯ ಫ್ಯಾನ್ ನೋಡುತ್ತಾ ನಿಂತೆ.)

ಚಿತ್ರ ಕೆಳಗಿಳಿಯಿತು. ಬಣ್ಣದ ಡಬ್ಬ ಬಂತು. ಟೀಚರ್ ನೆಲದ ಮೇಲೆ ಕೂತು, ನೀಲಿ ಕಲೆಸಿ, ಬಿಳಿ ಗುರುತಿನ ಒಳಗೆ ಒಂದು ಪುಟ್ಟ ಲೂಪ್ ಬರೆದರು. “ಈಗ ನೋಡಿ.”

ಅತ್ತಿಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. “ಮ್ಯಾಲೊಂದು, ಕೆಳಗೊಂದು ಬಿಗಿ ಹೊಲಿಗಿ ಬೇಕ್ರಿ. ಇಲ್ಲಂದ್ರ ಕಿತ್ತು ಬರ್ತೈತಿ.” ಟೀಚರ್ ಸಣ್ಣ ಬ್ರಶ್ಶಿನಿಂದ ಎರಡು ಕಿತ್ತಳೆ ಗೀಟು ಎಳೆದರು. ಬಣ್ಣ ಬೇಗ ಒಣಗಲಿ ಅಂತ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿದವರು ಯಾರು ಗೊತ್ತಾ? ಅದೇ ಆಯೋಜಕರು.

ಒಣಗಿದ ಮೇಲೆ ಅತ್ತಿಗೆ ಸೆರಗಿನ ತುದಿಯಿಂದ ಗುರುತನ್ನು ತಾವೇ ಒರೆಸಿದರು. ಇನ್ನೊಮ್ಮೆ ಮೇಲಿಂದ ಕೆಳಕ್ಕೆ ನೋಡಿ, “ಓಕೆ” ಅಂದರು. ಮಂಟಪದಲ್ಲಿ ಚಪ್ಪಾಳೆಯೋ ಚಪ್ಪಾಳೆ! ನನಗಂತೂ ಎದೆ ಉಬ್ಬಿಹೋಯಿತು, ಮುಚ್ಚುಮರೆ ಯಾಕೆ?

ಅವರ ಯೂನಿಟ್ಟಿನ ಪದ್ಧತಿ ನನಗೆ ತುಂಬಾ ಹಿಡಿಸಿದೆ ಕಣ್ರೀ. ತಪ್ಪಾಯಿತು ಅಂತ ಯಾರೂ ಅರಚಾಡುವುದಿಲ್ಲ. ಗುರುತು ಹಾಕುತ್ತಾರೆ, ಸರಿ ಮಾಡಿ ತಂದರೆ ತಾವೇ ಅಳಿಸುತ್ತಾರೆ. ಮುಗಿಯಿತು. ನಾವು? ಮೊಬೈಲಿನಲ್ಲಿ ಬಂದದ್ದಕ್ಕೆಲ್ಲ ನೋಡದೆಯೇ ಹೆಬ್ಬೆಟ್ಟು ಒತ್ತುತ್ತೇವೆ, ಇಲ್ಲವೇ ನೋಡದೆಯೇ ಉಗಿಯುತ್ತೇವೆ. ಈ ಅಂಕಣ ಹಾಕಿದ ಅರ್ಧ ನಿಮಿಷಕ್ಕೆ ‘ಸೂಪರ್ ಸರ್’ ಅಂತ ಕಳಿಸುವ ಗೆಳೆಯರೇ, ಸತ್ಯ ಹೇಳಿ, ಓದಿರುತ್ತೀರಾ? ಒಬ್ಬರು ಬರೆದದ್ದನ್ನು ಲೂಪ್ ಎಣಿಸುವಷ್ಟು ಗಮನವಿಟ್ಟು ನೋಡುವುದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ? ಅತ್ತಿಗೆ ಆ ಟೀಚರಿಗೆ ಕೊಟ್ಟದ್ದು ಅದನ್ನೇ. ಟೀಚರ್ ವಾಪಸ್ ಕೊಟ್ಟದ್ದೂ ಅದನ್ನೇ.

ನಾವು ಹೊರಡುವಾಗ ಟೀಚರ್ ಬಾಗಿಲ ತನಕ ಬಂದರು. “ಅಕ್ಕಾ, ಮಿಕ್ಕಿದ್ ಚಿತ್ರಾನೂ ನೋಡ್ಬಿಟ್ಟು ಹೋಗಿ.”

“ಬಿಡುವು ಮುಗೀತ್ರಿ. ಐತ್ವಾರ ರಜಾ ಐತಿ. ನಮ್ಮ ಹೊಲಿಗಿ ಲೈನಿನ ಹೆಣ್ಮಕ್ಕಳ್ನೆಲ್ಲ ಕರಕೊಂಡು ಬರ್ತೀನಿ.”

ಆಯೋಜಕರು ಗಾಬರಿಯಾದರು. “ಎಲ್ಲಾರೂ ಗುರ್ತು ಹಾಕ್ತಾರೇನಮ್ಮಾ?”

ಅತ್ತಿಗೆ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ಹೇಳಿದರು: “ಇಲ್ರಿ. ನೋಡೋರು ಹದಿನೆಂಟು ಮಂದಿ. ಪಾಸ್ ಮಾಡಾಕಿ ನಾನೊಬ್ಬಾಕೀನ.”