ಮೊದಲನೇ ಅಧ್ಯಾಯದಲ್ಲೇ ಇದ್ದ ಅರ್ಚಕರು

"ಏನ್ ಸ್ವಾಮೀ, ನೀವೇ ಹಿಂಗೆ ಅತ್ರೆ ನಮ್ಮಂಥೋರ ಗತಿ ಏನು? ಆತ್ಮಕ್ಕೆ ಸಾವಿಲ್ಲ ಅಂತ ಗೀತೇಲೇ ಐತಲ್ರೀ!"

ಯಗಟಿಯ ನಮ್ಮ ಅರ್ಚಕರ ಮುಂದೆ ಕೂತು ಹೀಗೆ ಬುದ್ಧಿ ಹೇಳಿದವರು ದೇವಸ್ಥಾನ ಸಮಿತಿಯ ಅಧ್ಯಕ್ಷರು. ಅದಕ್ಕೆಂದೇ ಕಡೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಅರ್ಚಕರ ಹೆಂಡತಿ ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ. ಊರಿನ ಸಾವಿನ ಮನೆಗಳಿಗೆಲ್ಲ ಹೋಗಿ ಗೀತೆ ಓದಿ ಸಮಾಧಾನ ಹೇಳುತ್ತಿದ್ದ ಮನುಷ್ಯ, ಈಗ ತಮ್ಮದೇ ಮನೆಯ ಕಂಬಕ್ಕೊರಗಿ ಅಳುತ್ತಿದ್ದರು. ಸೂತಕದ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟದಷ್ಟು ಮಡಿವಂತರಾದ ಅಧ್ಯಕ್ಷರು ನಾಲಿಗೆಯನ್ನು ಮಾತ್ರ ಧಾರಾಳವಾಗಿ ಹರಿಯಬಿಟ್ಟಿದ್ದರು. ಸಾಲದ್ದಕ್ಕೆ ಮೊಬೈಲ್ ತೆಗೆದು, ಯಾರೋ ಕಳಿಸಿದ್ದ ಶ್ಲೋಕವೊಂದನ್ನು ತಪ್ಪುತಪ್ಪಾಗಿ ಓದಿದರು. ಜೊತೆಗೆ ಬಂದಿದ್ದವರು ತಲೆದೂಗಿದರು.

ಅರ್ಚಕರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಅದು ಎರಡನೇ ಅಧ್ಯಾಯ ಕಣ್ರೀ. ನಾನಿನ್ನೂ ಮೊದಲನೇದ್ರಲ್ಲಿದ್ದೀನಿ. ಅಲ್ಲಿ ಅರ್ಜುನ ಅಳ್ತಾನೆ, ಕೃಷ್ಣ ಉಪದೇಶ ಮಾಡ್ದೆ ಸುಮ್ನೆ ಜೊತೇಲಿರ್ತಾನೆ. ಬೆಳಿಗ್ಗೆಯಿಂದ ಅದನ್ನೇ ಓದ್ಕೊಂಡು ಒಂಚೂರು ಸಮಾಧಾನ ಆಗ್ತಿತ್ತು. ಅಷ್ಟ್ರಲ್ಲಿ ನೀವು ಬಂದ್ರಿ."

ಅಧ್ಯಕ್ಷರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅಂಗಳ ದಾಟುವ ಮೊದಲೇ, "ಪಾಪ, ಪೂಜಾರ್ರಿಗೆ ತಲೆ ಕೆಟ್ಟೈತೆ" ಎಂದದ್ದು ಒಳಗೆ ಅರ್ಚಕರ ಜೊತೆ ಕೂತಿದ್ದ ನಮಗೆಲ್ಲ ಕೇಳಿಸಿತು.

ಅಂದಿನಿಂದ ಸಾವಿನ ಮನೆಗೆ ಹೋದರೆ ನಾನು ಸುಮ್ಮನೆ ಕೂತು ಬರುತ್ತೇನೆ. ಅರ್ಜುನ ಅತ್ತು ಮುಗಿಸುವವರೆಗೆ ಸಾಕ್ಷಾತ್ ದೇವರೇ ಕಾದ. ನಮ್ಮ ಅಧ್ಯಕ್ಷರಿಗೆ ಉಪದೇಶ ಮಾಡದೆ ಕಡೂರಿನ ಬಸ್ಸು ಬರುವವರೆಗೂ ಕಾಯಲಾಗಲಿಲ್ಲ.